ಆಟದ ಗಂಟು ಕಟ್ಟುವ ಬಗೆ

ಇಸ್ಪೀಟಿನ ಒಂದು ಕಟ್ಟಿನಲ್ಲಿ 52 ಎಲೆಗಳಿರುತ್ತವೆಂಬುದನ್ನು ಮಕ್ಕಳೂ ಬಲ್ಲರು. ಆದರೆ 360 ಎಲೆಗಳ ಕಟ್ಟನ್ನು, ಆಡುವ ಮಾತು ಹಾಗಿರಲಿ, ಕಣ್ಣಾರೆ ಕಂಡವರಾದರೂ ಎಷ್ಟು ಮಂದಿ ಇದ್ದಾರು? ಅಂಥದೊಂದು ಕಟ್ಟಿನ ಕಲ್ಪನೆ ಹುಟ್ಟಿದುದು ನಮ್ಮ ಮೈಸೂರಿನ ಅರಮನೆಯಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರು ಬರೆಸಿದ ‘ಶ್ರೀತತ್ತ್ವನಿಧಿ’ಯೆಂಬ ಮಹಾಗ್ರಂಥದಲ್ಲಿ ಒಂಬತ್ತು ನಿಧಿಗಳಿವೆ. ಅವುಗಳಲ್ಲಿ ಕೊನೆಯದು ‘ಕೌತುಕನಿಧಿ’. ಗಂಜೀಫಾ ಎಂಬ ದುಂಡೆಲೆಯಾಟದ 13 ಹೊಸ ಬಗೆಗಳನ್ನು ಅರಸರು ಅದರಲ್ಲಿ ವಿವರಿಸಿಟ್ಟಿದ್ದಾರೆ. 36 ಎಲೆಗಳ ಸದ್ಯೋಜಾತಾದಿ ಛದ ಎಲ್ಲಕ್ಕಿಂತ ಚಿಕ್ಕದು. ಚಾಮುಂಡೇಶ್ವರಿ ಛದಕ್ಕೆ 320 ಎಲೆ. ಜಗನ್ಮೋಹನ ಛದಕ್ಕೆ 360.

ಗಂಜೀಫಾ ಅವರು ಕಂಡುಹಿಡಿದ ಆಟವಲ್ಲ. ಪಾರಸಿಕ ಸೀಮೆಯಿಂದ ಮೊಗಲರ ಕೈಗೂಡಿ ಬಂದ ಆಟ ಅದು. 1527ರಲ್ಲಿ ಬಾಬರನು ಸಿಂಧದ ತನ್ನ ಮಿತ್ರನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿಕೊಟ್ಟ ಸಂಗತಿ ಅವನ ದಿನಚರಿಯಲ್ಲಿಯೇ ಇದೆ. ಎಂಟು ಬಣ್ಣಗಳಲ್ಲಿ 96 ಎಲೆಗಳ ಆ ಆಟವನ್ನು ನಮ್ಮವರು ಹತ್ತು ಅವತಾರಗಳಿಗೆ ಹೊಂದಿಸಿ 120 ಎಲೆಗಳ ದಶಾವತಾರದಾಟವನ್ನಾಗಿ ಮಾಡಿಕೊಂಡರು. ಮುಮ್ಮಡಿಯವರು ಅದನ್ನೂ ಬಿಚ್ಚಿ, ಹೊಸ ದೇವತೆಗಳನ್ನು ಸೇರಿಸಿ, ಎಲೆಗಳನ್ನು ಹೆಚ್ಚಿಸಿ, ನಿಯಮಗಳನ್ನು ತಿದ್ದಿ ಮತ್ತೆ ಕಟ್ಟಿದರು. 1831ರಲ್ಲಿ ಆಂಗ್ಲರು ರಾಜ್ಯಭಾರವನ್ನು ಅವರ ಕೈಯಿಂದ ತೆಗೆದುಕೊಂಡಿದ್ದರು. ಆಳುವ ಕೆಲಸ ತಪ್ಪಿದ ದೊರೆಗೆ 1868ರವರೆಗೆ ಆಯುಸ್ಸಿತ್ತು. ವಿದ್ಯೆಯೂ ವಿನೋದವೂ ಅದರ ಬಹುಭಾಗವನ್ನು ತುಂಬಿದವು.

ಮತ್ತೊಬ್ಬರು ಮಾಡಿಟ್ಟ ಆಟವನ್ನು ಬಿಚ್ಚಿ, ತನ್ನದೊಂದು ಅಂಗವನ್ನು ಸೇರಿಸಿ, ಮರಳಿ ಕಟ್ಟುವ ಈ ಹವ್ಯಾಸಕ್ಕೆ ಇಂದಿನ ಹುಡುಗರು ಇಟ್ಟಿರುವ ಹೆಸರು ‘ಮಾಡ್’. ಅಂಥ ಮಾಡ್‌ಗಳನ್ನು ನೂರಾರು ಸಂಖ್ಯೆಯಲ್ಲಿ ಒಟ್ಟುಗೂಡಿಸಿ ಒಂದೇ ಗಂಟಾಗಿ ಕಟ್ಟಿ ಗೆಳೆಯರಿಗೆ ಕೊಡುವುದು ಈಗ ಒಂದು ವಿದ್ಯೆಯೇ ಆಗಿದೆ. ಆ ಗಂಟು ಕಟ್ಟುವ ಒಂದು ಉಪಕರಣವನ್ನು ವಾಚಕರಿಗೆ ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶ. ಅರಸರ ಕೌತುಕನಿಧಿಗೂ ಅದಕ್ಕೂ ಏನು ಸಂಬಂಧವೆಂದು ಕೇಳುವವರು ಸ್ವಲ್ಪ ತಾಳ್ಮೆಯಿಂದ ಮುಂದುವರಿಯಬೇಕು.

ಕಂಪ್ಯೂಟರಿನ ಆಟಗಳಲ್ಲಿ ಈ ಪದ್ಧತಿ ಹೊಸದೇನಲ್ಲ. 1993ರಲ್ಲಿ ಬಂದ ‘ಡೂಮ್’ ಎಂಬ ಆಟದ ಕರ್ತರು ಚಿತ್ರ, ಶಬ್ದ, ಮನೆಯ ನಕ್ಷೆಗಳನ್ನೆಲ್ಲ ಆಟದ ಯಂತ್ರಭಾಗದಿಂದ ಬೇರೆ ಮಾಡಿ ಪ್ರತ್ಯೇಕ ಕಡತದಲ್ಲಿಟ್ಟರು. ಆಡುವವರು ಆ ಕಡತವನ್ನು ಬದಲಾಯಿಸಿ ತಮಗೆ ಬೇಕಾದ ಮನೆಗಳನ್ನು ಕಟ್ಟಿಕೊಂಡರು. ‘ಹಾಫ್ ಲೈಫ್’ ಎಂಬ ಆಟಕ್ಕೆ ಇಬ್ಬರು ತರುಣರು 1999ರಲ್ಲಿ ಮಾಡಿದ ಬದಲಾವಣೆಯೇ ‘ಕೌಂಟರ್ ಸ್ಟ್ರೈಕ್’. ಮೂಲ ಆಟದ ಒಡೆಯರಾದ ವಾಲ್ವ್ ಕಂಪನಿಯವರು ಮರುವರ್ಷವೇ ಅದನ್ನು ತಮ್ಮದಾಗಿ ಮಾಡಿಕೊಂಡು ಮಾರಾಟಕ್ಕಿಟ್ಟರು. ಮಗು ತಾಯಿಯನ್ನು ಮೀರಿಸಿ ಬೆಳೆಯಿತು.

ಆದರೆ ಮಾಡ್‌ಗಳ ಸುಗ್ಗಿಯನ್ನು ನೋಡಬೇಕಾದರೆ ‘ಮೈನ್‌ಕ್ರಾಫ್ಟ್’ ಎಂಬ ಆಟವನ್ನು ನೋಡಬೇಕು. ಸ್ವೀಡನ್ನಿನ ಮೊಜಾಂಗ್ ಸಂಸ್ಥೆಯಿಂದ ಬಂದ ಆಟ ಅದು. 2009ರಲ್ಲಿ ಮೊದಲು ಜನರ ಕೈಗೆ ಸಿಕ್ಕಿತು, 2011ರಲ್ಲಿ ಪೂರ್ಣರೂಪ ತಾಳಿತು. 2014ರಲ್ಲಿ ಮೈಕ್ರೋಸಾಫ್ಟ್ ಕಂಪನಿಯವರು 250 ಕೋಟಿ ಡಾಲರು ತೆತ್ತು ಅದನ್ನು ಕೊಂಡುಕೊಂಡರು. 2023ರ ಅಕ್ಟೋಬರಿನ ವೇಳೆಗೆ 30 ಕೋಟಿಗೂ ಮೀರಿ ಪ್ರತಿಗಳು ಮಾರಾಟವಾಗಿದ್ದುವೆಂದು ಒಡೆಯರೇ ಸಾರಿದರು. ಮಣ್ಣು, ಕಲ್ಲು, ಮರಗಳ ಚೌಕ ಗಟ್ಟಿಗಳನ್ನು ಅಗೆದು ಮತ್ತೆ ಜೋಡಿಸುವುದೇ ಆಟದ ತಿರುಳು. ದಸರೆಯ ಗೊಂಬೆ ಕೂರಿಸುವ ಮನೆಯ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆಟದ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಅನುವಾದ ಮಾಡಿದವರು ಸಂಬಳವಿಲ್ಲದ ಸ್ವಯಂಸೇವಕರು ಎಂಬುದನ್ನು ಇಲ್ಲಿಯೇ ನೆನಪಿನಲ್ಲಿಟ್ಟುಕೊಳ್ಳಬೇಕು. ಈ ಲೋಕದಲ್ಲಿ ಹೆಚ್ಚಿನ ಕೆಲಸ ನಡೆಯುವುದು ಹಾಗೆಯೇ.

ಮೂವರು ಗೆಳೆಯರ ಪಾಡು

ಮೈಸೂರಿನ ಅಗ್ರಹಾರದ ಒಂದು ಮನೆಯಲ್ಲಿ ಹದಿನಾರು ವರ್ಷದ ಹುಡುಗನೊಬ್ಬನಿದ್ದಾನೆಂದು ಭಾವಿಸೋಣ. ಕುವೆಂಪುನಗರದಲ್ಲಿ ಅವನ ಸಹಪಾಠಿ; ಅಮೆರಿಕದ ನ್ಯೂಜರ್ಸಿಯಲ್ಲಿ ಅವನ ದೊಡ್ಡಪ್ಪನ ಮಗ. ಮೂವರೂ ಒಂದೇ ಲೋಕದೊಳಗೆ ಕೂಡಿ ಆಡಬೇಕೆಂದು ಆಸೆಪಟ್ಟಿದ್ದಾರೆ. ಅಗ್ರಹಾರದ ಹುಡುಗ ತನಗೆ ಮೆಚ್ಚುಗೆಯಾದ 80 ಮಾಡ್‌ಗಳನ್ನು ಆರಿಸಿಕೊಂಡಿದ್ದಾನೆ. ಒಂದು ಹೊಸ ಬೆಳೆಗಳನ್ನು ತರುತ್ತದೆ, ಒಂದು ಗಾಳಿಯಂತ್ರ ಕೊಡುತ್ತದೆ, ಮತ್ತೊಂದು ದೃಶ್ಯವನ್ನು ಚುರುಕುಗೊಳಿಸುತ್ತದೆ. ಇವನ ಮನೆಯಲ್ಲಿ ಆಟ ಸೊಗಸಾಗಿ ನಡೆಯುತ್ತದೆ. ಅವರಿಬ್ಬರ ಮನೆಗಳಲ್ಲಿ ತೆರೆ ಏಳುವುದಕ್ಕೂ ಮೊದಲೇ ಬಿದ್ದುಹೋಗುತ್ತದೆ.

ಕಾರಣವನ್ನು ಹುಡುಕಿದರೆ ಅದು ಸಣ್ಣದೇ ಆಗಿರುತ್ತದೆ. ಮಾಡ್‌ಗಳು ಒಂಟಿಯಾಗಿ ಬಾಳುವ ಪ್ರಾಣಿಗಳಲ್ಲ. ಅವು ನಿಲ್ಲಲು ‘ಫೋರ್ಜ್’, ‘ಫ್ಯಾಬ್ರಿಕ್’ ಎಂಬಂಥ ಒಂದು ತಳಹದಿ ಬೇಕು. ಒಂದರ ಮೇಲೆ ನಿಲ್ಲುವುದು ಇನ್ನೊಂದರ ಮೇಲೆ ನಿಲ್ಲದು. ಆ ತಳಹದಿಗೂ, ಆಟದ ಮೂಲಕ್ಕೂ, ಪ್ರತಿಯೊಂದು ಮಾಡ್‌ಗೂ ಆವೃತ್ತಿಗಳುಂಟು. ಒಂದು ಮಾಡ್ ಮತ್ತೊಂದನ್ನು ಅವಲಂಬಿಸಿರುತ್ತದೆ, ಅದು ಮೂರನೆಯದನ್ನು. ಎಂಬತ್ತರಲ್ಲಿ ಒಂದರ ಆವೃತ್ತಿ ಕಳೆದ ವಾರದ್ದಾಗಿದ್ದರೂ ಸಾಕು, ಇಡೀ ಕಟ್ಟಡ ಕುಸಿಯಬಹುದು. ರಾತ್ರಿ ಹನ್ನೊಂದು ಗಂಟೆಯವರೆಗೆ ದೂರವಾಣಿಯಲ್ಲಿ ‘ನಿನ್ನದು ಯಾವ ಅಂಕಿ, ನನ್ನದು ಯಾವ ಅಂಕಿ’ ಎಂದು ಕೇಳಿಕೊಳ್ಳುವುದರಲ್ಲಿಯೇ ಆಟದ ಹೊತ್ತು ಮುಗಿಯುತ್ತದೆ.

‘ಎಂಬತ್ತನ್ನೂ ಒಂದು ಸಂಪುಟದಲ್ಲಿ ತುರುಕಿ ಕಳುಹಿಸಿಬಿಟ್ಟರಾಯಿತಲ್ಲ’ ಎಂದು ಮನೆಯ ಹಿರಿಯರು ಹೇಳಬಹುದು. ಅದರಲ್ಲಿ ಎರಡು ತೊಡಕುಗಳಿವೆ. ಗಾತ್ರದ ತೊಡಕು ಸಣ್ಣದು: ಒಂದೇ ಮಾಡ್ ಬದಲಾದರೂ ಇಡೀ ಮೂಟೆಯನ್ನು ಮತ್ತೆ ಹೊರಿಸಬೇಕು. ಎರಡನೆಯದೇ ನಿಜವಾದ ತೊಡಕು. ಆ ಎಂಬತ್ತರಲ್ಲಿ ಒಂದೂ ಈ ಹುಡುಗನದಲ್ಲ. ಒಂದನ್ನು ಜರ್ಮನಿಯ ವಿದ್ಯಾರ್ಥಿ ಬರೆದಿರಬಹುದು, ಒಂದನ್ನು ಬ್ರೆಜಿಲಿನ ಗೃಹಸ್ಥ. ಕೆಲವರು ‘ಯಾರು ಬೇಕಾದರೂ ಹಂಚಿ’ ಎಂದು ಬರೆದಿರುತ್ತಾರೆ. ಕೆಲವರು ‘ನನ್ನ ಬಾಗಿಲಿನಿಂದಲೇ ತೆಗೆದುಕೊಂಡು ಹೋಗಬೇಕು’ ಎಂದು ಷರತ್ತು ಹಾಕಿರುತ್ತಾರೆ. ನೆರೆಮನೆಯವರ ತೋಟದ ಹೂಗಳನ್ನು ಕಿತ್ತು ಮಾಲೆ ಕಟ್ಟಿ ನಮ್ಮ ಹೆಸರಿನಲ್ಲಿ ಉಡುಗೊರೆ ಕೊಡುವುದು ಎಷ್ಟು ಸರಿ?

ಅಡಿಗೆಯವರ ಚೀಟಿ

ಈ ಎರಡು ತೊಡಕುಗಳಿಗೂ ಪರಿಹಾರವಾಗಿ ಹುಟ್ಟಿದ ಉಪಕರಣಗಳಲ್ಲಿ ‘ಪ್ಯಾಕ್‌ವಿಜ್’ ಎಂಬುದು ಒಂದು. ಗೋ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದದ್ದು. ಯಾರಾದರೂ ಉಚಿತವಾಗಿ ಪಡೆದು, ಬಿಚ್ಚಿ ನೋಡಿ, ತಿದ್ದಿಕೊಳ್ಳಬಹುದು. ನೋಡುವುದಕ್ಕೆ ಅದರಲ್ಲಿ ಅಂದವೇನೂ ಇಲ್ಲ. ಗುಂಡಿಗಳಿಲ್ಲ, ಚಿತ್ರಗಳಿಲ್ಲ. ಬರಿಯ ಕಪ್ಪು ಹಲಗೆ, ಅದರಲ್ಲಿ ಮಿನುಗುವ ಒಂದು ಗೆರೆ. ಅಲ್ಲಿ ಆಜ್ಞೆಯನ್ನು ಅಕ್ಷರ ಅಕ್ಷರವಾಗಿ ಬರೆದು ಒಪ್ಪಿಸಬೇಕು. 2013ರ ಜುಲೈಯಲ್ಲಿ ನಮ್ಮ ದೇಶದಲ್ಲಿ ನಿಂತುಹೋದ ತಂತಿಯ ಸೇವೆಯನ್ನು ಬಲ್ಲವರಿಗೆ ಈ ಶೈಲಿ ಅಪರಿಚಿತವಲ್ಲ. ಪದಕ್ಕಿಷ್ಟು ಕಾಸೆಂದು ತೆರುತ್ತಿದ್ದವರು ಬರೆಯುತ್ತಿದ್ದಂತೆಯೇ ಇಲ್ಲಿಯೂ ಮಾತು ಮೂರು ನಾಲ್ಕು ಪದಗಳಲ್ಲಿ ಮುಗಿಯುತ್ತದೆ.

ಖಾಲಿ ಕೋಶವೊಂದರಲ್ಲಿ ಕುಳಿತು ‘ಪ್ಯಾಕ್‌ವಿಜ್ ಇನಿಟ್’ ಎಂದು ಬರೆದರೆ ಅದು ನಾಲ್ಕಾರು ಪ್ರಶ್ನೆಗಳನ್ನು ಕೇಳುತ್ತದೆ: ಗಂಟಿನ ಹೆಸರೇನು, ಕಟ್ಟುವವರು ಯಾರು, ಆಟದ ಆವೃತ್ತಿ ಯಾವುದು, ತಳಹದಿ ಯಾವುದು. ಉತ್ತರಗಳನ್ನು ಪಡೆದು ‘ಪ್ಯಾಕ್’ ಎಂಬ ಹೆಸರಿನ ಒಂದು ಚಿಕ್ಕ ಕಡತವನ್ನೂ ‘ಇಂಡೆಕ್ಸ್’ ಎಂಬ ಅನುಕ್ರಮಣಿಕೆಯನ್ನೂ ಬರೆದಿಡುತ್ತದೆ. ಮುಂದೆ ‘ಪ್ಯಾಕ್‌ವಿಜ್ ಮಾಡ್‌ರಿಂತ್ ಆಡ್ ಸೋಡಿಯಂ’ ಎಂದರೆ ಮಾಡ್‌ರಿಂತ್ ಎಂಬ ಮಾಡ್‌ಗಳ ಉಗ್ರಾಣದಲ್ಲಿ ‘ಸೋಡಿಯಂ’ ಎಂಬ ಮಾಡ್ ಅನ್ನು ಹುಡುಕಿ, ನಮ್ಮ ಆಟಕ್ಕೂ ತಳಹದಿಗೂ ಹೊಂದುವ ಆವೃತ್ತಿಯನ್ನು ಆರಿಸಿ ಪಟ್ಟಿಗೆ ಸೇರಿಸುತ್ತದೆ. ಅದಕ್ಕೆ ಬೇರೊಂದು ಮಾಡ್ ಆಧಾರವಾಗಿ ಬೇಕಾಗಿದ್ದರೆ ಅದನ್ನೂ ಸೇರಿಸಲೇ ಎಂದು ಕೇಳುತ್ತದೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಆ ಮಾಡ್ ನಮ್ಮ ಗಂಟಿನೊಳಕ್ಕೆ ಬರುವುದೇ ಇಲ್ಲ! ಬರುವುದು ಒಂದು ಚೀಟಿ ಮಾತ್ರ. ಮದುವೆಯ ಮನೆಗೆ ಅಡಿಗೆಯವರು ಬಂದು ಕೊಡುವ ಸಾಮಾನಿನ ಪಟ್ಟಿಯನ್ನು ನೆನೆಸಿಕೊಳ್ಳಿ. ಪಟ್ಟಿಯಲ್ಲಿ ಅಕ್ಕಿಯಿದೆ, ತೊಗರಿಬೇಳೆಯಿದೆ, ಬ್ಯಾಡಗಿ ಮೆಣಸಿನಕಾಯಿಯಿದೆ. ಆದರೆ ಕಾಗದವನ್ನು ಕೊಡವಿದರೆ ಒಂದು ಕಾಳೂ ಉದುರದು. ಸಂತೇಪೇಟೆಯ ಅಂಗಡಿಗೆ ಹೋಗಿ ತರುವವರು ಮನೆಯವರು. ಪ್ಯಾಕ್‌ವಿಜ್ ಬರೆಯುವ ಪ್ರತಿಯೊಂದು ಚೀಟಿಯಲ್ಲಿಯೂ ಮಾಡ್‌ನ ಹೆಸರು, ಕಡತದ ಹೆಸರು, ಅದು ಸಿಗುವ ಅಂಗಡಿಯ ವಿಳಾಸ, ಮುಂದೆ ಹೊಸ ಆವೃತ್ತಿಯನ್ನು ಎಲ್ಲಿ ವಿಚಾರಿಸಬೇಕೆಂಬ ಗುರುತು ಇಷ್ಟು ಇರುತ್ತವೆ. ಆಡುವವರ ಯಂತ್ರಕ್ಕೆ ಮಾತ್ರ ಬೇಕೋ, ಎಲ್ಲರನ್ನೂ ಕೂಡಿಸುವ ಕೇಂದ್ರಯಂತ್ರಕ್ಕೂ ಬೇಕೋ ಎಂಬುದನ್ನೂ ನಮೂದಿಸಿರುತ್ತದೆ. ಸೋಡಿಯಂ ದೃಶ್ಯವನ್ನು ಚುರುಕುಗೊಳಿಸುವ ಮಾಡ್. ತೆರೆಯೇ ಇಲ್ಲದ ಕೇಂದ್ರಯಂತ್ರಕ್ಕೆ ಅದರಿಂದ ಪ್ರಯೋಜನವಿಲ್ಲವಾದ್ದರಿಂದ ಅಲ್ಲಿಗೆ ಹೋಗುವುದಿಲ್ಲ. ಊಟಕ್ಕೆ ಬರುವವರ ಎಲೆಯನ್ನು ಅಡಿಗೆಯ ಮನೆಯಲ್ಲಿ ಹಾಸುವವರುಂಟೇ?

ಇನ್ನೊಂದು ವಿವರವೂ ಚೀಟಿಯಲ್ಲಿರುತ್ತದೆ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು. ಅದೇ ಕಡತದ ಬೆರಳಚ್ಚು.

ಇದನ್ನು ತಿಳಿಯಲು ಅಗ್ರಹಾರವೆಂಬ ಹೆಸರೇ ನೆರವಿಗೆ ಬರುತ್ತದೆ. ವಿದ್ವಾಂಸರಿಗೆ ಅರಸರು ಬಿಟ್ಟುಕೊಟ್ಟ ಊರು ಅಗ್ರಹಾರ. ದಾನವನ್ನು ತಾಮ್ರದ ಹಲಗೆಗಳ ಮೇಲೆ ಕೊರೆಯಿಸುತ್ತಿದ್ದರು. ಪಡೆದವರ ಹೆಸರು, ತಂದೆಯ ಹೆಸರು, ಗೋತ್ರ, ಸೂತ್ರ, ಯಾರಿಗೆ ಎಷ್ಟು ವೃತ್ತಿ; ಊರಿನ ಮೂಡಣ ಎಲ್ಲೆಗೆ ಯಾವ ಕಲ್ಲು, ಪಡುವಣಕ್ಕೆ ಯಾವ ಮರ. ಓದುವವರಿಗೆ ಬೇಸರ ಬರುವಷ್ಟು ಉದ್ದದ ಪಟ್ಟಿ. ಆದರೆ ಆ ಬೇಸರವೇ ಅದರ ಬಲ. ಒಂದು ಹೆಸರನ್ನು ತೂರಿಸಲು, ಒಂದು ಎಲ್ಲೆಯನ್ನು ಸರಿಸಲು ಎಡೆಯಿಲ್ಲ. ವಿಜಯನಗರದ ಅರಸರ ಶಾಸನಗಳಾದರೆ ಪಾಠವೆಲ್ಲ ನಂದಿನಾಗರಿಯಲ್ಲಿದ್ದರೂ ಕೊನೆಯಲ್ಲಿ ಕನ್ನಡ ಅಕ್ಷರಗಳಲ್ಲಿ ‘ಶ್ರೀ ವಿರೂಪಾಕ್ಷ’ ಎಂಬ ಅಂಕಿತವಿರುತ್ತದೆ. ಅದನ್ನು ಕಂಡರೆ ಶಾಸನ ನಂಬಿಕೆಗೆ ಅರ್ಹ.

ಕಂಪ್ಯೂಟರಿನ ಬೆರಳಚ್ಚು ಈ ಅಂಕಿತಕ್ಕಿಂತಲೂ ಕಟ್ಟುನಿಟ್ಟಿನದು. ಅರಸನ ಅಂಕಿತ ಎಲ್ಲ ಶಾಸನಗಳಿಗೂ ಒಂದೇ. ಬೆರಳಚ್ಚಾದರೋ ಪ್ರತಿಯೊಂದು ಕಡತದ ಒಡಲಿನಿಂದಲೇ ಲೆಕ್ಕಹಾಕಿ ತೆಗೆದುದು. ಎಸ್‌ಎಚ್‌ಎ 256 ಎಂಬ ಲೆಕ್ಕದಲ್ಲಿ ಕಡತ ಎಷ್ಟೇ ದೊಡ್ಡದಿರಲಿ, ಚಿಕ್ಕದಿರಲಿ, ಬರುವ ಉತ್ತರ 64 ಅಕ್ಷರಾಂಕಗಳ ಒಂದು ಸಾಲು. ಸಾವಿರ ಪುಟದ ಗ್ರಂಥದಲ್ಲಿ ಒಂದು ಅರ್ಧವಿರಾಮವನ್ನು ಅಳಿಸಿದರೂ ಇಡೀ ಸಾಲು ಗುರುತೇ ಸಿಗದಂತೆ ಬದಲಾಗುತ್ತದೆ. ನ್ಯೂಜರ್ಸಿಯ ಹುಡುಗನ ಯಂತ್ರ ಅಂಗಡಿಯಿಂದ ಕಡತವನ್ನು ತಂದೊಡನೆ ತಾನೇ ಬೆರಳಚ್ಚನ್ನು ಲೆಕ್ಕಮಾಡಿ ಚೀಟಿಯಲ್ಲಿರುವುದರೊಡನೆ ಹೋಲಿಸುತ್ತದೆ. ತಾಳೆಯಾದರೆ ಸ್ವೀಕಾರ, ಇಲ್ಲವಾದರೆ ನಿರಾಕರಣೆ. ದೂರವಾಣಿಯಲ್ಲಿ ಅಂಕಿಗಳನ್ನು ಓದಿಹೇಳುವ ಕಷ್ಟ ಅಲ್ಲಿಗೆ ತಪ್ಪಿತು.

ಉಳಿದ ಆಜ್ಞೆಗಳನ್ನು ಬೇಗನೆ ಹೇಳಿಬಿಡುತ್ತೇನೆ. ‘ಅಪ್‌ಡೇಟ್’ ಎಂದರೆ ಯಾವ ಯಾವ ಮಾಡ್‌ಗೆ ಹೊಸ ಆವೃತ್ತಿ ಬಂದಿದೆಯೆಂದು ವಿಚಾರಿಸಿ, ತೋರಿಸಿ, ಒಪ್ಪಿಗೆ ಪಡೆದು ಚೀಟಿಗಳನ್ನು ತಿದ್ದುತ್ತದೆ. ‘ಪಿನ್’ ಎಂದು ಮೊಳೆ ಹೊಡೆದ ಮಾಡ್ ಮಾತ್ರ ಆ ಸಂತೆಯಲ್ಲಿ ಅಲುಗದೆ ನಿಲ್ಲುತ್ತದೆ. ‘ರಿಫ್ರೆಶ್’ ಅನುಕ್ರಮಣಿಕೆಯನ್ನು ಹೊಸದಾಗಿ ಬರೆಯುತ್ತದೆ. ‘ಎಕ್ಸ್‌ಪೋರ್ಟ್’ ಎಂದರೆ ಮಾಡ್‌ರಿಂತ್ ಅಥವಾ ಕರ್ಸ್‌ಫೋರ್ಜ್ ಎಂಬ ಉಗ್ರಾಣಗಳು ಒಪ್ಪುವ ಆಕಾರದಲ್ಲಿ ಗಂಟನ್ನು ಕಟ್ಟಿಕೊಡುತ್ತದೆ. ಗೆಳೆಯರ ಯಂತ್ರಗಳಲ್ಲಿ ಇದಕ್ಕೆ ಜೊತೆಯಾದ ಒಂದು ಚಿಕ್ಕ ಸ್ಥಾಪಕವನ್ನು ಇರಿಸಿದರೆ, ಆಟ ತೆರೆಯುವ ಮುನ್ನ ಪ್ರತಿಸಲವೂ ಅದು ಪಟ್ಟಿಯನ್ನು ನೋಡಿ, ಬದಲಾದುದನ್ನಷ್ಟೇ ತಂದುಕೊಳ್ಳುತ್ತದೆ. ಚೀಟಿಗಳೆಲ್ಲ ಸರಳವಾದ ಬರೆಹಗಳಾದ್ದರಿಂದ ನಿನ್ನೆಯ ಪಟ್ಟಿಗೂ ಇಂದಿನ ಪಟ್ಟಿಗೂ ಏನು ವ್ಯತ್ಯಾಸವೆಂಬುದನ್ನು ಸಾಲು ಸಾಲಾಗಿ ಓದಿ ತಿಳಿಯಬಹುದು. ಕೆಟ್ಟಿತೆಂದರೆ ನಿನ್ನೆಯದಕ್ಕೆ ಹಿಂದಿರುಗಬಹುದು.

ಬರೆದವನ ಹಕ್ಕು, ಕಟ್ಟಿದವನ ಹಕ್ಕು

ಇಷ್ಟರ ಮಟ್ಟಿಗೆ ಎಲ್ಲವೂ ಸುಗಮ. ಆದರೆ ಪಟ್ಟಿ ಬರೆಯುವವನ ಕೈ ಎಷ್ಟೇ ಪಳಗಿದ್ದರೂ ಅಂಗಡಿಯವನು ಬಾಗಿಲು ಹಾಕಿಕೊಂಡರೆ ಅಡಿಗೆ ಆಗುವುದೆಂತು?

ಕರ್ಸ್‌ಫೋರ್ಜ್ ಉಗ್ರಾಣದವರು ಮಾಡ್‌ಗಳ ಕರ್ತರಿಗೆ ಒಂದು ಆಯ್ಕೆ ಕೊಟ್ಟಿದ್ದಾರೆ. ತಮ್ಮ ಮಾಡ್ ಅನ್ನು ಹೊರಗಿನ ಉಪಕರಣಗಳು ತಾವಾಗಿಯೇ ಎತ್ತಿಕೊಂಡು ಹೋಗಬಾರದೆಂದು ಕರ್ತನು ಬಯಸಿದರೆ ಬಾಗಿಲನ್ನು ಮುಚ್ಚಬಹುದು. ಅಂಥ ಮಾಡ್ ಗಂಟಿನಲ್ಲಿದ್ದರೆ ಸ್ಥಾಪಕವು ಅಲ್ಲಿಗೆ ನಿಂತು, ‘ಇಂಥ ಪುಟಕ್ಕೆ ನೀವೇ ಹೋಗಿ ಇದನ್ನು ತನ್ನಿ’ ಎಂದು ಸೂಚಿಸುತ್ತದೆ. ಆಡಲು ಆತುರಪಡುವ ಹುಡುಗರಿಗೆ ಇದರಿಂದ ಕಿರಿಕಿರಿ. ನಾನು ಇದನ್ನು ದೋಷವೆಂದು ಎಣಿಸಲಾರೆ. ಸಂಬಳವಿಲ್ಲದೆ ಬರೆದವನಿಗೆ ಓದುಗರು ತನ್ನ ಮನೆಯ ಹೊಸ್ತಿಲನ್ನಾದರೂ ತುಳಿಯಲಿ ಎಂಬ ಆಸೆಯಿದ್ದರೆ ತಪ್ಪೇನು? ಉಗ್ರಾಣದಿಂದ ಅವನಿಗೆ ಬರುವ ಅಲ್ಪ ಆದಾಯವೂ ಇರಬಹುದು.

ಆದಾಯದ ಪ್ರಶ್ನೆ ಒಮ್ಮೆ ದೊಡ್ಡ ಗದ್ದಲವನ್ನೇ ಎಬ್ಬಿಸಿತು. ‘ಸ್ಕೈರಿಮ್’ ಎಂಬ ಆಟದ ಮಾಡ್‌ಗಳನ್ನು ಹಣಕ್ಕೆ ಮಾರಬಹುದೆಂದು ವಾಲ್ವ್ ಕಂಪನಿಯವರು 2015ರ ಏಪ್ರಿಲಿನಲ್ಲಿ ತಮ್ಮ ಸ್ಟೀಮ್ ಅಂಗಡಿಯಲ್ಲಿ ಪ್ರಕಟಿಸಿದರು. ಮಾರಾಟದಲ್ಲಿ ಕರ್ತನಿಗೆ ಶೇಕಡಾ 25. ಉಳಿದ 75 ಅಂಗಡಿಯವರಿಗೂ ಆಟದ ಒಡೆಯರಾದ ಬೆಥೆಸ್ಡಾದವರಿಗೂ. ಆಡುವವರು ಸಿಡಿದೆದ್ದರು. ಒಬ್ಬರ ಮಾಡ್‌ನೊಳಗೆ ಇನ್ನೊಬ್ಬರ ಕೆಲಸ ಹೆಣೆದುಕೊಂಡಿರುವಾಗ ಬೆಲೆ ಯಾರಿಗೆ ಸಲ್ಲಬೇಕೆಂಬ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ವಾರ ತುಂಬುವುದರೊಳಗೆ ಯೋಜನೆಯನ್ನು ಹಿಂದಕ್ಕೆ ತೆಗೆದುಕೊಂಡರು.

ಇದಕ್ಕಿಂತಲೂ ನಮ್ಮ ವಿಷಯಕ್ಕೆ ಹತ್ತಿರವಾದುದು 2021ರ ಜುಲೈಯಲ್ಲಿ ನಡೆದ ಜಗಳ. ನೆಕ್ಸಸ್ ಮಾಡ್ಸ್ ಎಂಬುದು ಇಂಗ್ಲೆಂಡಿನಿಂದ ನಡೆಯುವ ದೊಡ್ಡ ಉಗ್ರಾಣ. ಅವರೂ ಗಂಟು ಕಟ್ಟುವ ವ್ಯವಸ್ಥೆಯೊಂದನ್ನು ಸಿದ್ಧಪಡಿಸುತ್ತಿದ್ದರು. ಒಬ್ಬ ಕರ್ತ ಮುನಿಸಿಕೊಂಡು ತನ್ನ ಕಡತವನ್ನು ಅಳಿಸಿದರೆ ಅದನ್ನು ಪಟ್ಟಿಮಾಡಿದ ಗಂಟುಗಳೆಲ್ಲ ಏಕಕಾಲಕ್ಕೆ ಮುರಿಯುತ್ತವೆ. ಆದ್ದರಿಂದ ಇನ್ನು ಮುಂದೆ ಯಾವ ಕಡತವನ್ನೂ ಪೂರ್ತಿಯಾಗಿ ಅಳಿಸಲಾಗದು. ಅಳಿಸಿದರೂ ಭಂಡಾರದಲ್ಲಿ ಉಳಿದಿರುತ್ತದೆ ಎಂದು ಅವರು ಸಾರಿದರು. ಒಪ್ಪದವರಿಗೆ ತಮ್ಮ ಕೆಲಸವನ್ನೆಲ್ಲ ಹೊರತೆಗೆಯಲು ಸುಮಾರು ಒಂದು ತಿಂಗಳ ಅವಧಿ ಕೊಟ್ಟರು. ಹಲವು ಹಿರಿಯ ಕರ್ತರು ಕೆರಳಿದರು, ಕೆಲವರು ಹೊರಟೇಹೋದರು. ‘ನಾನು ಹೆತ್ತುದನ್ನು ಹಿಂದಕ್ಕೆ ಕರೆದುಕೊಳ್ಳುವ ಹಕ್ಕು ನನಗಿಲ್ಲವೇ?’ ಎಂದು ಒಂದು ಪಕ್ಷ; ‘ಊರಿಗೆಲ್ಲ ಕೊಟ್ಟಾದ ಮೇಲೆ ಒಬ್ಬನ ಮುನಿಸಿಗೆ ಸಾವಿರ ಮಂದಿಯ ಆಟ ಕೆಡಬೇಕೇ?’ ಎಂದು ಮತ್ತೊಂದು ಪಕ್ಷ.

ಎರಡರಲ್ಲಿಯೂ ನ್ಯಾಯವಿದೆ. ಪ್ಯಾಕ್‌ವಿಜ್‌ನಂಥ ಉಪಕರಣ ಈ ಜಗಳವನ್ನು ತೀರ್ಮಾನಿಸುವುದಿಲ್ಲ. ಆದರೆ ಅದರ ಒಲವು ಕರ್ತನ ಕಡೆಗೆ. ಪದಾರ್ಥವನ್ನು ಮುಟ್ಟದೆ ಪಟ್ಟಿಯನ್ನು ಮಾತ್ರ ಬರೆಯುವುದರಿಂದ ಹಕ್ಕು ಬರೆದವನಲ್ಲಿಯೇ ಉಳಿಯುತ್ತದೆ. ಅದಕ್ಕೆ ತೆರಬೇಕಾದ ಬೆಲೆಯೆಂದರೆ ಗಂಟು ಎಂದೂ ಸ್ವತಂತ್ರವಾಗುವುದಿಲ್ಲ. ಹತ್ತು ವರ್ಷಗಳ ಅನಂತರ ಪಟ್ಟಿ ಅಚ್ಚಳಿಯದೆ ಇದ್ದೀತು. ವಿಳಾಸದಲ್ಲಿ ಅಂಗಡಿ ಇಲ್ಲದಿದ್ದರೆ ಅದು ತೀರಿಕೊಂಡವರ ಮನೆಯ ಹಳೆಯ ಜಾತಕಗಳ ಕಟ್ಟಿನಂತೆ, ಓದಬಹುದು, ಉಪಯೋಗಿಸಲಾಗದು.

ಮೈಸೂರು ಇದಕ್ಕೆ ಸಾಕ್ಷಿ ಹೇಳಬಲ್ಲ ಊರು. ಕೌತುಕನಿಧಿ ಉಳಿದುಬಂದಿದೆ, ಯಾವ ಛದಕ್ಕೆ ಎಷ್ಟು ಎಲೆ, ಯಾವ ಎಲೆಯ ಮೇಲೆ ಯಾವ ದೇವತೆ ಎಂಬುದನ್ನು ಇಂದಿಗೂ ಓದಬಹುದು. ಅಗ್ರಹಾರದ ವೃತ್ತದಿಂದ ನಡೆದೇ ಹೋಗಬಹುದಾದ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆ ಅರಸರ ಆಟಗಳ ಮನೆಗಳನ್ನು ಬರೆದಿದ್ದಾರೆ. ಆದರೆ ಕೈಯಲ್ಲಿ ಹಿಡಿದು ಆಡುವ ಎಲೆಗಳು? ಹದಿಮೂರು ಆಟಗಳಲ್ಲಿ ಪೂರ್ಣವಾದ ಕಟ್ಟುಗಳು ಉಳಿದಿರುವುದು ಬಹು ವಿರಳ. ಎಲೆಗೆ ಅರಗು ಬಳಿದು ಚಿತ್ರ ಬರೆಯುವ ಕೈಗಳು ಕಡಮೆಯಾದವು. ಅರಮನೆಯ ಆವರಣದಾಚೆಗೆ ಈ ಆಟಗಳು ಬೇರೂರಲಿಲ್ಲ. ಚಿತ್ರಕಾರ ರಘುಪತಿ ಭಟ್ಟರು ಗಂಜೀಫಾ ಚಿತ್ರಕಲೆಗೆ ಮರುಜೀವ ಕೊಡಲು ಪಟ್ಟ ಶ್ರಮವನ್ನು, ನಮ್ಮ ಹಳೆಯ ಮನೆಯಾಟಗಳ ಹಾಸುಗಳನ್ನು ಹೊಸದಾಗಿ ಮಾಡಿಸಿ ಪ್ರದರ್ಶನವಿಟ್ಟ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದ ಕೆಲಸವನ್ನು ಇಲ್ಲಿ ಸ್ಮರಿಸಬೇಕು. ಅವರೆಲ್ಲ ಮಾಡಿದುದು, ಪಟ್ಟಿ ಹಿಡಿದು ಪದಾರ್ಥವನ್ನು ಮತ್ತೆ ಹುಟ್ಟಿಸುವ ಕೆಲಸ. ಚೌಕಾಬಾರದ ಹಾಸನ್ನು ನೇಯಿಸಬಹುದು. 360 ಎಲೆಗಳ ಜಗನ್ಮೋಹನ ಛದವನ್ನು ಬರೆಯಿಸಿ, ಅದನ್ನು ಬಲ್ಲ ಆಟಗಾರರನ್ನೂ ಕೂಡಿಸುವುದು ಅಷ್ಟು ಸುಲಭವಲ್ಲ.

ಹಾಗಾದರೆ ಪದಾರ್ಥವನ್ನೇ ಕೂಡಿಟ್ಟುಕೊಂಡರೆ ನೆಮ್ಮದಿಯೇ? 2023ರ ಜೂನಿನಲ್ಲಿ ಆ ನೆಮ್ಮದಿಯೂ ಕೆಟ್ಟಿತು. ಕರ್ಸ್‌ಫೋರ್ಜ್‌ನಲ್ಲಿಯೂ ಬುಕ್ಕಿಟ್ ಎಂಬ ಇನ್ನೊಂದು ಉಗ್ರಾಣದಲ್ಲಿಯೂ ಕೆಲವು ಕರ್ತರ ಖಾತೆಗಳು ಕಳ್ಳರ ಕೈಸೇರಿ, ಮೈನ್‌ಕ್ರಾಫ್ಟಿನ ಮಾಡ್‌ಗಳಲ್ಲಿ ವಿಷ ಬೆರೆತಿತು. ಹೆಸರಾದ ಒಂದು ದೊಡ್ಡ ಗಂಟಿನೊಳಗೂ ಅದು ನುಸುಳಿತ್ತು. ಅದಕ್ಕೆ ‘ಫ್ರ್ಯಾಕ್ಚರೈಸರ್’ ಎಂದು ಹೆಸರಿಟ್ಟರು. ಅದು ಆಟವನ್ನು ಕೆಡಿಸುತ್ತಿರಲಿಲ್ಲ. ಹಿನ್ನೆಲೆಯಲ್ಲಿ ಕುಳಿತು ಯಂತ್ರದಲ್ಲಿರುವ ಖಾತೆಗಳ ಗುಟ್ಟುಗಳನ್ನು ಕದಿಯುತ್ತಿತ್ತು, ಅಲ್ಲಿನ ಇತರ ಮಾಡ್‌ಗಳಿಗೂ ಅಂಟಿಕೊಳ್ಳುತ್ತಿತ್ತು. ಊರೂರಿನ ಮಾಡ್‌ಕಾರರು ರಾತ್ರೋರಾತ್ರಿ ಒಟ್ಟುಗೂಡಿ ಅದರ ಜಾಡು ಹಿಡಿದು, ಬಿಡಿಸಿ, ಜನರನ್ನು ಎಚ್ಚರಿಸಿದರು. ಅವರಿಗೂ ಯಾರೂ ಸಂಬಳ ಕೊಡಲಿಲ್ಲ.

ಬೆರಳಚ್ಚಿನ ಬಲವೂ ಮಿತಿಯೂ ಆ ವಾರದಲ್ಲಿ ಚೆನ್ನಾಗಿ ಕಂಡವು. ವಿಷ ಬೆರೆಯುವುದಕ್ಕೆ ಮುಂಚೆಯೇ ಪಟ್ಟಿ ಬರೆದು ಬೆರಳಚ್ಚನ್ನು ದಾಖಲಿಸಿದ್ದವರ ಯಂತ್ರ, ಅದೇ ಹೆಸರಿನಲ್ಲಿ ಬದಲಾದ ಕಡತ ಬಂದರೆ ಒಪ್ಪದು, ಅಂಕಿತ ತಾಳೆಯಾಗದಲ್ಲ. ಆದರೆ ವಿಷದ ಆವೃತ್ತಿ ಬಂದ ದಿನವೇ ‘ಅಪ್‌ಡೇಟ್’ ಎಂದು ಬರೆದು ಚೀಟಿಯನ್ನು ತಿದ್ದಿದವನ ಗತಿ ಬೇರೆ. ಅವನ ಪಟ್ಟಿ ಆ ವಿಷದ ಬೆರಳಚ್ಚನ್ನೇ ಶ್ರದ್ಧೆಯಿಂದ ಬರೆದುಕೊಂಡು, ಗೆಳೆಯರೆಲ್ಲರಿಗೂ ಒಂದಕ್ಷರ ಹೆಚ್ಚುಕಡಿಮೆಯಾಗದಂತೆ ಅದನ್ನೇ ತಲುಪಿಸುತ್ತದೆ. ‘ಇದು ಅದೇ’ ಎಂದು ಬೆರಳಚ್ಚು ಹೇಳಬಲ್ಲದು; ‘ಇದು ಒಳ್ಳೆಯದು’ ಎಂದು ಹೇಳಲಾರದು. ತಾಮ್ರಶಾಸನದ ಕೊನೆಯ ಅಂಕಿತವಾದರೂ ಅಷ್ಟೇ. ದಾನ ಅರಸನದೆಂದು ಹೇಳೀತು, ಯೋಗ್ಯರಿಗೆ ಸಂದಿತೇ ಎಂದು ಹೇಳದು.

ಈ ಕಾರಣದಿಂದ ಅನುಭವಿಗಳು ಕೆಲವು ರೂಢಿಗಳನ್ನು ಇಟ್ಟುಕೊಂಡಿದ್ದಾರೆ. ಹೊಸ ಆವೃತ್ತಿ ಬಂದೊಡನೆ ಮೈಮೇಲೆ ಹಾಕಿಕೊಳ್ಳದೆ ಕೆಲವು ದಿನ ಬಿಟ್ಟು ನೋಡುತ್ತಾರೆ. ಎಲ್ಲವನ್ನೂ ಒಮ್ಮೆಗೇ ಏರಿಸದೆ ನಾಲ್ಕಾರನ್ನು ಏರಿಸಿ ಆಡಿನೋಡುತ್ತಾರೆ. ಹಳೆಯ ಪಟ್ಟಿಗಳನ್ನು ತಾರೀಖಿನೊಡನೆ ಕಾಪಾಡುತ್ತಾರೆ. ತಮ್ಮ ಸ್ವಂತ ಉಪಯೋಗಕ್ಕೆ ತಂದ ಕಡತಗಳ ಒಂದು ಪ್ರತಿಯನ್ನು ಬೇರೊಂದು ಪೆಟ್ಟಿಗೆಯಲ್ಲಿ ತೆಗೆದಿಡುತ್ತಾರೆ. ಹಂಚುವುದಕ್ಕಲ್ಲ, ಅಂಗಡಿ ಮುಚ್ಚಿದ ದಿನ ತಮ್ಮ ಲೋಕ ಮುಳುಗದಿರಲೆಂದು.

ಇನ್ನು ಉಳಿದುದು ಷರತ್ತುಗಳ ಮಾತು. ಪ್ರತಿಯೊಂದು ಮಾಡ್‌ನ ಪುಟದಲ್ಲಿಯೂ ಅದರ ಹಂಚಿಕೆಯ ಕರಾರು ಬರೆದಿರುತ್ತದೆ. ಎಂಐಟಿ ಎಂದಿದ್ದರೆ ಹೆಸರನ್ನು ಉಳಿಸಿಕೊಂಡು ಬೇಕಾದಂತೆ ಬಳಸಬಹುದು. ಎಲ್‌ಜಿಪಿಎಲ್ ಎಂದಿದ್ದರೆ ತಿದ್ದಿ ಹಂಚಿದುದರ ಮೂಲವನ್ನೂ ತೆರೆದಿಡಬೇಕು. ‘ಎಲ್ಲ ಹಕ್ಕುಗಳೂ ಕಾದಿರಿಸಿವೆ’ ಎಂದಿದ್ದರೆ ಪತ್ರ ಬರೆದು ಕೇಳದೆ ಕಡತವನ್ನು ಹಂಚುವಂತಿಲ್ಲ. ಪ್ಯಾಕ್‌ವಿಜ್ ಆವೃತ್ತಿಯನ್ನು ಹೊಂದಿಸುತ್ತದೆ, ಆಧಾರಗಳನ್ನು ಹುಡುಕುತ್ತದೆ, ಬೆರಳಚ್ಚನ್ನು ಲೆಕ್ಕ ಹಾಕುತ್ತದೆ. ಈ ಕರಾರುಗಳನ್ನು ಓದಿ ಇದು ಸಲ್ಲುತ್ತದೆ, ಇದು ಸಲ್ಲದು ಎಂದು ಹೇಳುವುದಿಲ್ಲ. ಅಗ್ರಹಾರದ ನಮ್ಮ ಹುಡುಗ ಎಂಬತ್ತು ಪುಟಗಳನ್ನೂ ತೆರೆದು, ಒಂದೊಂದಾಗಿ ಓದಿ, ಗಂಟಿನ ಮೇಲೆ ಎಂಬತ್ತು ಹೆಸರುಗಳನ್ನು ಬರೆಯಬೇಕು. ಭಾನುವಾರದ ಒಂದು ಮಧ್ಯಾಹ್ನ ಅದಕ್ಕೆ ಸಾಕಾದೀತು.